ಚಿಟ್ಟೆ ಗುಮ್ಮಟದೊಳಗೆ ಯಾವ ಲೆನ್ಸ್ ಒಯ್ಯಬೇಕು?

ಹಕ್ಕಿ ತೆಗೆಯುವ 150–600 ಮಿ.ಮೀ. ಜೂಮ್ ಹೆಗಲಿಗೇರಿಸಿಕೊಂಡು ಚಿಟ್ಟೆ ಉದ್ಯಾನದ ಗುಮ್ಮಟದೊಳಗೆ ಹೋದವರಿಗೆ ಹತ್ತು ನಿಮಿಷದಲ್ಲೇ ತೊಡಕು ಗೊತ್ತಾಗುತ್ತದೆ. ಚಿಟ್ಟೆ ಒಂದು ಮಾರು ದೂರದ ಹೂವಿನ ಮೇಲೆ ಆರಾಮಾಗಿ ಕೂತಿದೆ, ಲೆನ್ಸ್ ಮಾತ್ರ ಹಿಂದೆ ಮುಂದೆ ತಡಕಾಡುತ್ತಿದೆ, ಫೋಕಸ್ ಕೂರುತ್ತಿಲ್ಲ. ಸಿಗ್ಮಾ 150–600 ಕಂಟೆಂಪರರಿಗೆ ಕನಿಷ್ಠ 2.8 ಮೀಟರ್ ದೂರ ಬೇಕು, ಸೋನಿ 200–600ಕ್ಕೆ 2.4 ಮೀಟರ್. ಹಿಂದೆ ಸರಿಯೋಣವೆಂದರೆ ಕಾಲುದಾರಿಯ ಆಚೆ ಬದಿಯ ಗಿಡ ಬೆನ್ನಿಗೆ ತಾಗುತ್ತದೆ, ನಡುವೆ ಮಕ್ಕಳು ಓಡಾಡುತ್ತಿರುತ್ತಾರೆ. ಕ್ಯಾಮೆರಾ ಜೊತೆಗೇ ಬರುವ 18–55 ಕಿಟ್ ಲೆನ್ಸ್ ತಂದವರ ಪಾಡು ಇದಕ್ಕೆ ತಿರುಗುಮುರುಗು: ಚಿಟ್ಟೆ ದೊಡ್ಡದಾಗಿ ಕಾಣಬೇಕಾದರೆ ಮೂಗು ತಾಗಿಸುವಷ್ಟು ಬಗ್ಗಬೇಕು, ಬಗ್ಗಿದರೆ ಅದು ಹಾರಿಹೋಗುತ್ತದೆ.

ಗುಮ್ಮಟದಲ್ಲಿ ಚಿಟ್ಟೆಗೂ ನಿಮಗೂ ನಡುವೆ ಸಿಗುವ ಜಾಗ ಬಹುಪಾಲು ಅರ್ಧ ಮೀಟರಿನಿಂದ ಒಂದೂವರೆ ಮೀಟರ್. ಈ ಅಂತರದೊಳಗೆ ಲೆನ್ಸ್ ಫೋಕಸ್ ಆಗುತ್ತದೆಯೇ, ಆದಾಗ ಚಿಟ್ಟೆ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬ ಎರಡು ಪ್ರಶ್ನೆ ಕೇಳಿಕೊಂಡರೆ ಅಂಗಡಿಯವರು ತೋರಿಸುವ ಲೆನ್ಸ್‌ಗಳಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಬಿಟ್ಟುಹೋಗುತ್ತವೆ. ಎಫ್ ಸಂಖ್ಯೆ (ಲೆನ್ಸ್ ಒಳಗಿನ ಬೆಳಕಿನ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಜೂಮ್ ಎಷ್ಟು ಪಟ್ಟು ಎನ್ನುವುದೆಲ್ಲ ಆಮೇಲಿನ ಮಾತು.

ಜಾಗವನ್ನು ಮೊದಲು ನೋಡಿಕೊಳ್ಳಿ

ನಮ್ಮವರಿಗೆ ಹತ್ತಿರದ ಉದಾಹರಣೆ ಬನ್ನೇರುಘಟ್ಟ. 2006ರಲ್ಲಿ ತೆರೆದ ಅಲ್ಲಿನ ಚಿಟ್ಟೆ ಉದ್ಯಾನದ ಮುಖ್ಯ ಗುಮ್ಮಟ ಸುಮಾರು 10,000 ಚದರಡಿಯ ವೃತ್ತಾಕಾರದ ಆವರಣ. ಮೇಲೆ ಪಾಲಿಕಾರ್ಬೊನೇಟ್ ಛಾವಣಿ, ಒಳಗೆ ಕೃತಕ ಜಲಪಾತ, ತೇವದ ಗಾಳಿ. (ಮಂಗಳವಾರ ಜೈವಿಕ ಉದ್ಯಾನಕ್ಕೆ ರಜೆ, ಹೊರಡುವ ಮುನ್ನ ನೆನಪಿರಲಿ.) ಇಂಥ ಛಾವಣಿ ಬಿಸಿಲನ್ನು ಚದುರಿಸಿ ಮೆದು ಮಾಡುತ್ತದೆ. ಚಿಟ್ಟೆಯ ರೆಕ್ಕೆಗೆ ಇದು ಒಳ್ಳೆಯ ಬೆಳಕು, ಗಡುಸು ನೆರಳು ಬೀಳುವುದಿಲ್ಲ. ಆದರೆ ಗಿಡಗಳ ಅಡಿಗೆ ಹೋದಂತೆ ಬೆಳಕು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಬೇಗ ಕುಸಿಯುತ್ತದೆ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್‌ನ ಚಿಟ್ಟೆ ತೋಟ ಎರಡು ಅಂತಸ್ತಿನದು, ಮೇಲಂತಸ್ತಿನಿಂದ ಕೆಳಗಿನ ಚಿಟ್ಟೆಗಳನ್ನು ನೋಡುವಾಗ ಅಂತರ ಜಾಸ್ತಿ ಸಿಗುತ್ತದೆ. ಕೆನಡಾದ ನಯಾಗರದ ಚಿಟ್ಟೆ ಮನೆಯಂಥ ಕಡೆ ಚಳಿಗಾಲದಲ್ಲಿ ಹೊರಗೆ ಹಿಮ, ಒಳಗೆ ಮಳೆಕಾಡಿನ ಸೆಖೆ. ಅಲ್ಲಿನ ತೊಂದರೆಯೇ ಬೇರೆ, ಮುಂದೆ ಬರುತ್ತದೆ.

ಹೋಗುವ ಮುನ್ನ ನಿಯಮ ಕೇಳಿಕೊಳ್ಳಿ. ಟ್ರೈಪಾಡ್ ಬಿಡದ ಕಡೆಗಳು ಬಹಳ, ಬಿಟ್ಟರೂ ಕಿರಿದಾದ ದಾರಿಯಲ್ಲಿ ಅದನ್ನು ಹರಡುವುದು ಉಳಿದವರ ಕಾಲಿಗೆ ತೊಡರು. ಫ್ಲಾಶ್ ಬೇಡವೆನ್ನುವ ಕಡೆಗಳೂ ಇವೆ. ಕೈಯಲ್ಲೇ ಹಿಡಿದು, ಇರುವ ಬೆಳಕಿನಲ್ಲೇ ತೆಗೆಯಬೇಕು ಎಂದುಕೊಂಡೇ ಲೆನ್ಸ್ ಆರಿಸಿ.

ಎಷ್ಟು ವರ್ಧನೆ ಬೇಕು?

ಮ್ಯಾಕ್ರೊ, ಅಂದರೆ ಅತಿ ಹತ್ತಿರದ ಚಿತ್ರ, ಎಂದಕೂಡಲೇ 1:1 ಎಂಬ ಮಾತು ಬರುತ್ತದೆ. ಅಂದರೆ ವಸ್ತು ಎಷ್ಟಿದೆಯೋ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೂ ಅಷ್ಟೇ ದೊಡ್ಡದಾಗಿ ಬೀಳುವುದು. ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರಿನ ಅಗಲ 36 ಮಿ.ಮೀ. ಹಾಗಾಗಿ 1:1ರಲ್ಲಿ ಚೌಕಟ್ಟಿಗೆ ಹಿಡಿಯುವುದು 36 ಮಿ.ಮೀ. ಅಗಲದ ವಸ್ತು ಮಾತ್ರ. ಕಾಮನ್ ಮಾರ್ಮನ್ ಚಿಟ್ಟೆ ರೆಕ್ಕೆ ಬಿಚ್ಚಿದರೆ 90–100 ಮಿ.ಮೀ., ಬ್ಲೂ ಮಾರ್ಮನ್ 120–150. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ 140ರಿಂದ 190 ಮಿ.ಮೀ.ವರೆಗೂ ಹೋಗುತ್ತದೆ. ಇವುಗಳಿಗೆ 1:1 ಹಾಕಿದರೆ ಬರುವುದು ಒಂದು ರೆಕ್ಕೆಯ ತುಂಡು.

ಲೆಕ್ಕ ಸುಲಭ. ಚೌಕಟ್ಟಿನ ಅಗಲದಲ್ಲಿ ಮೂರನೇ ಎರಡು ಭಾಗವನ್ನು ಚಿಟ್ಟೆ ತುಂಬಬೇಕು ಎಂದಿಟ್ಟುಕೊಳ್ಳಿ. ಫುಲ್ ಫ್ರೇಮ್‌ನಲ್ಲಿ ಅದು 24 ಮಿ.ಮೀ. ಇದನ್ನು ಚಿಟ್ಟೆಯ ಅಗಲದಿಂದ ಭಾಗಿಸಿ. 100 ಮಿ.ಮೀ. ಚಿಟ್ಟೆಗೆ 0.24 ಪಟ್ಟು, ಅಂದರೆ ಸುಮಾರು 1:4 ಸಾಕು. 45 ಮಿ.ಮೀ. ಇರುವ ಗ್ರಾಸ್ ಯೆಲ್ಲೋಗೆ 0.53 ಪಟ್ಟು, ಅಂದರೆ 1:2. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಆ ಅಗಲ ಸುಮಾರು 23.5 ಮಿ.ಮೀ. (ಕ್ಯಾನನ್‌ನಲ್ಲಿ 22.3). ಅಲ್ಲಿ ಅದೇ ಎರಡು ಚಿಟ್ಟೆಗೆ 0.16 ಮತ್ತು 0.35 ಪಟ್ಟು ಬೇಕು.

ಇಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ಅದೇ ಮಾರ್ಮನ್ ರೆಕ್ಕೆ ಮುಚ್ಚಿ ಕೂತಾಗ ಪಕ್ಕದಿಂದ ಕಾಣುವ ಅಗಲ ಬಿಚ್ಚಿದಾಗಿನ ಅರ್ಧ. ಆಗ ಬೇಕಾಗುವ ವರ್ಧನೆ ಎರಡು ಪಟ್ಟು. ಕುಳಿತ ಚಿಟ್ಟೆ ನಿಮಿಷಕ್ಕೊಮ್ಮೆ ಮುಚ್ಚಿ ಬಿಚ್ಚಿ ಮಾಡುವುದರಿಂದ ಲೆನ್ಸ್‌ಗೆ 0.2ರಿಂದ 0.5 ಪಟ್ಟಿನವರೆಗೆ ತಡೆಯಿಲ್ಲದೆ ಹೋಗಿಬರುವ ಶಕ್ತಿ ಇರಬೇಕು. ಗುಮ್ಮಟದ ಕೆಲಸದ ಹೆಚ್ಚಿನ ಪಾಲು ಈ ಮಿತಿಯೊಳಗೇ ಮುಗಿಯುತ್ತದೆ. 1:1 ಬೇಕಾಗುವುದು ಸುರುಳಿ ಸುತ್ತಿದ ಹೀರುಗೊಳವೆ, ಕಣ್ಣು, ರೆಕ್ಕೆಯ ಹುರುಪೆಗಳ ಸಾಲು, ಎಲೆಯಡಿಯ ಮೊಟ್ಟೆ ಇಂಥವಕ್ಕೆ.

ಫೋಕಸ್ ದೂರ ಬೇರೆ, ಲೆನ್ಸ್ ತುದಿಯಿಂದ ದೂರ ಬೇರೆ

ಲೆನ್ಸ್ ವಿವರದಲ್ಲಿ ಬರೆದಿರುವ ಕನಿಷ್ಠ ಫೋಕಸ್ ದೂರವನ್ನು ಅಳೆಯುವುದು ಸೆನ್ಸರಿನಿಂದ. ಕ್ಯಾಮೆರಾದ ಮೇಲೆ ಅಡ್ಡಗೆರೆ ಎಳೆದ ಸೊನ್ನೆಯ ಗುರುತು ಇರುತ್ತದಲ್ಲ, ಅಲ್ಲಿಂದ. ಲೆನ್ಸಿನ ಉದ್ದ, ಬಾಡಿಯ ದಪ್ಪ ಅದರೊಳಗೇ ಸೇರಿದೆ. ಕ್ಯಾನನ್ ಇಎಫ್ 100 ಎಂಎಂ ಎಲ್ ಮ್ಯಾಕ್ರೊ 30 ಸೆಂ.ಮೀ. ಎಂದರೂ 1:1ರಲ್ಲಿ ಲೆನ್ಸ್ ತುದಿಗೂ ಚಿಟ್ಟೆಗೂ ನಡುವೆ ಉಳಿಯುವುದು ಸುಮಾರು 13 ಸೆಂ.ಮೀ. ಲೆನ್ಸ್ ತುದಿಗೆ ನೆರಳಿನ ಹುಡ್ ಹಾಕಿದರೆ ಇನ್ನೂ ಕಡಿಮೆ. ಅದೇ ಲೆನ್ಸ್‌ನಲ್ಲಿ 1:4ಕ್ಕೆ ಬಂದರೆ ತುದಿಯಿಂದ ಸುಮಾರು 40 ಸೆಂ.ಮೀ. ಜಾಗ ಸಿಗುತ್ತದೆ. ಗುಮ್ಮಟದ ಚಿಟ್ಟೆಗಳು ಜನರಿಗೆ ಒಗ್ಗಿಕೊಂಡಿರುವುದರಿಂದ 40 ಸೆಂ.ಮೀ.ಗೆ ಬಹುತೇಕ ಕದಲುವುದಿಲ್ಲ.

ನಿಕಾನ್‌ನ ಡಿಎಕ್ಸ್ 40 ಎಂಎಂ ಮೈಕ್ರೊ, ಜೆಡ್ 50 ಎಂಎಂ ಮೈಕ್ರೊ (ನಿಕಾನ್ ಮ್ಯಾಕ್ರೊವನ್ನೇ ಮೈಕ್ರೊ ಎನ್ನುತ್ತದೆ, ಡಿಎಕ್ಸ್ ಎಂದರೆ ಅದರ ಎಪಿಎಸ್-ಸಿ) ಇಂಥ ಗಿಡ್ಡ ಮ್ಯಾಕ್ರೊಗಳೂ 1:1 ಕೊಡುತ್ತವೆ, ಬೆಲೆಯೂ ಹಗುರ. ಆದರೆ 1:1ರಲ್ಲಿ ಲೆನ್ಸ್ ತುದಿಯಿಂದ ಚಿಟ್ಟೆಗೆ ಬೆರಳುದ್ದದ ಜಾಗವೂ ಉಳಿಯುವುದಿಲ್ಲ. ಚಿಟ್ಟೆಯ ಮೇಲೆ ನಿಮ್ಮ ನೆರಳು ಬೀಳುತ್ತದೆ, ನೆರಳು ಬಿದ್ದ ಮರುಗಳಿಗೆ ಅದು ಜಾಗ ಖಾಲಿ ಮಾಡುತ್ತದೆ. ಜೊತೆಗೆ ಅಗಲ ನೋಟದಿಂದಾಗಿ ಹಿಂದಿನ ಪೈಪು, ಬಲೆ, ಯಾರದೋ ಕೆಂಪು ಅಂಗಿ ಎಲ್ಲವೂ ಚೌಕಟ್ಟಿಗೆ ನುಗ್ಗುತ್ತವೆ. ನಾಣ್ಯ, ಒಡವೆ, ಊಟದ ತಟ್ಟೆಗೆ ಈ ಲೆನ್ಸ್‌ಗಳು ಚೆನ್ನ, ಚಿಟ್ಟೆಗೆ ಅಲ್ಲ.

ಇನ್ನೊಂದು ತುದಿಯಲ್ಲಿ 150, 180 ಎಂಎಂ ಮ್ಯಾಕ್ರೊಗಳು. ಅಂತರ ಹೆಚ್ಚು, ಹಿನ್ನೆಲೆ ಸೊಗಸು. ಆದರೆ ಭಾರ ಕಿಲೋಗ್ರಾಂ ದಾಟಬಹುದು, ಕೈಯಲ್ಲಿ ಹಿಡಿದು ಎರಡು ತಾಸು ತಿರುಗುವಾಗ ತೋಳು ನಡುಗುತ್ತದೆ. ಈಗಾಗಲೇ ಇದ್ದರೆ ಒಯ್ಯಿರಿ, ಗುಮ್ಮಟಕ್ಕೆಂದೇ ಕೊಳ್ಳಬೇಡಿ.

90–105 ಎಂಎಂ: ಬಹುಪಾಲು ಜನರಿಗೆ ಇದೇ

ಫುಲ್ ಫ್ರೇಮ್ ಇರಲಿ, ಎಪಿಎಸ್-ಸಿ ಇರಲಿ, 90ರಿಂದ 105 ಮಿ.ಮೀ. ನಡುವಿನ ಎಫ್/2.8 ಮ್ಯಾಕ್ರೊ ಲೆನ್ಸ್ ಈ ಕೆಲಸಕ್ಕೆ ಹೊಂದುತ್ತದೆ. ದೊಡ್ಡ ಬರ್ಡ್‌ವಿಂಗ್‌ನಿಂದ ಹಿಡಿದು ಮೊಟ್ಟೆಯವರೆಗೆ ಲೆನ್ಸ್ ಬದಲಿಸದೆ ತೆಗೆಯಬಹುದು. ಲೆನ್ಸ್ ಬದಲಿಸದಿರುವುದು ತೇವದ ಜಾಗದಲ್ಲಿ ಸಣ್ಣ ಅನುಕೂಲವಲ್ಲ.

ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಇರುವವರಿಗೆ ಇಎಫ್ 100 ಎಂಎಂ ಎಫ್/2.8 ಎಲ್ ಐಎಸ್ ಈಗಲೂ ಒಳ್ಳೆಯ ಆಯ್ಕೆ (ಐಎಸ್, ವಿಆರ್, ಒಎಸ್‌ಎಸ್ ಎಲ್ಲವೂ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್‌ನ ಹೆಸರುಗಳೇ). 2009ರಲ್ಲಿ ಬಂದದ್ದು, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ, ಅಡಾಪ್ಟರ್ ಹಾಕಿದರೆ ಆರ್ ಸರಣಿಯ ಮಿರರ್‌ಲೆಸ್‌ನಲ್ಲೂ ಫೋಕಸ್ ಚುರುಕಾಗಿಯೇ ಇರುತ್ತದೆ. ಹೊಸ ಆರ್‌ಎಫ್ 100 ಎಂಎಂ 1.4 ಪಟ್ಟಿನವರೆಗೆ ಹೋಗುತ್ತದೆ, ಆದರೆ ಗುಮ್ಮಟದಲ್ಲಿ ಆ ಹೆಚ್ಚುವರಿ 0.4ಕ್ಕೆ ಕೆಲಸ ಕಡಿಮೆ. ಹಣ ಉಳಿಸಬೇಕೆಂದರೆ ಆರ್‌ಎಫ್ 85 ಎಂಎಂ ಎಫ್/2 ಐಎಸ್ ನೋಡಿ. ಅದು 1:2ಕ್ಕೇ ನಿಲ್ಲುತ್ತದೆ, ಮೇಲಿನ ಲೆಕ್ಕದ ಪ್ರಕಾರ ನಮಗೆ ಬೇಕಾದ್ದೂ ಅಷ್ಟೇ. ಅದರ ಫೋಕಸ್ ಮೋಟರ್ ನಿಧಾನ ಎಂಬುದನ್ನು ಮಾತ್ರ ಒಪ್ಪಿಕೊಂಡು ಕೊಳ್ಳಬೇಕು.

ನಿಕಾನ್ ಡಿಎಸ್‌ಎಲ್‌ಆರ್‌ಗೆ ಎಎಫ್-ಎಸ್ 105 ಎಂಎಂ ವಿಆರ್, ಜೆಡ್ ಸರಣಿಗೆ ಜೆಡ್ ಎಂಸಿ 105 ಎಂಎಂ. ಎರಡನೆಯದು 630 ಗ್ರಾಂ, ಕೈಗೆ ಹಗುರ. ಡಿ3500, ಡಿ5600ರಂಥ ಡಿಎಕ್ಸ್ ಕ್ಯಾಮೆರಾ ಇದ್ದರೆ ಡಿಎಕ್ಸ್ 85 ಎಂಎಂ ಎಫ್/3.5 ವಿಆರ್ ಎಂಬ ಮೈಕ್ರೊ ಇದೆ. ಎಫ್/3.5 ಎಂದು ಮೂಗು ಮುರಿಯುವವರಿದ್ದಾರೆ, ಚಿಟ್ಟೆಗೆ ಎಫ್/2.8 ಬಳಸುವುದೇ ಅಪರೂಪ, ಆದ್ದರಿಂದ ನಷ್ಟವೇನಿಲ್ಲ.

ಸೋನಿಗೆ ಎಫ್‌ಇ 90 ಎಂಎಂ ಎಫ್/2.8 ಮ್ಯಾಕ್ರೊ ಜಿ ಒಎಸ್‌ಎಸ್. ಫೋಕಸ್ ಉಂಗುರವನ್ನು ಹಿಂದಕ್ಕೆಳೆದರೆ ಕೂಡಲೇ ಮ್ಯಾನುಯಲ್ ಆಗುವ ಏರ್ಪಾಡು ಇದರಲ್ಲಿದೆ, ಹತ್ತಿರದ ಕೆಲಸದಲ್ಲಿ ಅದು ಪದೇ ಪದೇ ಉಪಯೋಗಕ್ಕೆ ಬರುತ್ತದೆ. ಸಿಗ್ಮಾ 105 ಎಂಎಂ ಆರ್ಟ್‌ನ ಚಿತ್ರ ಬಹಳ ಚೂಪು, ಆದರೆ ಲೆನ್ಸ್‌ನಲ್ಲಿ ಸ್ಟೆಬಿಲೈಸೇಶನ್ ಇಲ್ಲ. ಎ6400ರಂತೆ ಬಾಡಿಯಲ್ಲೂ ಸ್ಟೆಬಿಲೈಸೇಶನ್ ಇಲ್ಲದ ಕ್ಯಾಮೆರಾಕ್ಕೆ ಅದನ್ನು ಹಾಕಿದರೆ ಷಟರ್ ವೇಗವನ್ನು 1/250 ಸೆಕೆಂಡಿಗಿಂತ ಕೆಳಗಿಳಿಸುವಂತಿಲ್ಲ. ಟ್ಯಾಮ್ರಾನ್ 90 ಎಂಎಂನ ಹಳೆಯದು ಹೊಸದು ಹಲವು ರೂಪಗಳಿವೆ, ಮಾದರಿ ನೋಡದೆ ಕೊಳ್ಳಬೇಡಿ. ಫ್ಯೂಜಿಯವರಿಗೆ ಎಕ್ಸ್‌ಎಫ್ 80 ಎಂಎಂ ಎಫ್/2.8. ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೊ ಫೋರ್ ಥರ್ಡ್ಸ್ ಕ್ಯಾಮೆರಾಕ್ಕೆ ಒಲಿಂಪಸ್ 60 ಎಂಎಂ ಎಫ್/2.8: 185 ಗ್ರಾಂ ಮಾತ್ರ, ನೋಟ ಫುಲ್ ಫ್ರೇಮ್‌ನ 120ಕ್ಕೆ ಸಮ. ಇಡೀ ದಿನ ಕೊರಳಿಗೆ ಹಾಕಿಕೊಂಡು ತಿರುಗಲು ಇದಕ್ಕಿಂತ ಸುಖವಾದ ಜೋಡಿ ಸಿಗುವುದು ಕಷ್ಟ.

ಮನೆಯಲ್ಲಿರುವ ಜೂಮ್‌ನಲ್ಲೇ ಆಗುವುದಿಲ್ಲವೇ?

ಎಷ್ಟೋ ಸಲ ಆಗುತ್ತದೆ. ಕ್ಯಾನನ್ ಇಎಫ್-ಎಸ್ 55–250 ಎಸ್‌ಟಿಎಂ 85 ಸೆಂ.ಮೀ.ಗೆ ಫೋಕಸ್ ಆಗಿ 0.29 ಪಟ್ಟು ಕೊಡುತ್ತದೆ. ಎಪಿಎಸ್-ಸಿಯಲ್ಲಿ ಆಗ ಚೌಕಟ್ಟಿನ ಅಗಲ 77 ಮಿ.ಮೀ. ಅಂದರೆ ಬಿಚ್ಚಿದ ಮಾರ್ಮನ್ ಹಿಡಿಸದಷ್ಟು ಹತ್ತಿರ! ಬೆಲೆ ನೋಡಿದರೆ ಗುಮ್ಮಟಕ್ಕೆ ಇದರಷ್ಟು ಲಾಭದ ಲೆನ್ಸ್ ಇನ್ನೊಂದಿಲ್ಲ. ನಿಕಾನ್ ಎಎಫ್-ಪಿ ಡಿಎಕ್ಸ್ 70–300 1.1 ಮೀಟರ್‌ಗೆ 0.22 ಪಟ್ಟು. 70–200 ಎಫ್/4 ಲೆನ್ಸ್‌ಗಳು ಒಂದು ಮೀಟರ್‌ಗೆ 0.27ರ ಆಸುಪಾಸು. ಸೋನಿಯ ಎರಡನೇ ಪೀಳಿಗೆಯ 70–200 ಎಫ್/4 ಜಿ ಮಾತ್ರ ಬೇರೆಯೇ ಜಾತಿ: ಜೂಮ್ ಎಲ್ಲೇ ಇರಲಿ 0.5 ಪಟ್ಟು ಸಿಗುತ್ತದೆ. ಕ್ಯಾನನ್ ಆರ್‌ಎಫ್ 100–400 ಎಫ್/5.6–8 ಕೂಡ 0.41 ಪಟ್ಟು ಕೊಡುತ್ತದೆ, ಆದರೆ 400ರ ತುದಿಯಲ್ಲಿ ಎಫ್/8 ಆಗಿರುವುದರಿಂದ ಬಿಸಿಲಿನ ಹೊತ್ತಿಗಷ್ಟೇ ಸರಿ. ನಿಮ್ಮ ಲೆನ್ಸ್‌ನ ಗರಿಷ್ಠ ವರ್ಧನೆ 0.2ಕ್ಕಿಂತ ಕೆಳಗಿದ್ದರೆ ಮಾತ್ರ ಏನಾದರೂ ಸೇರಿಸಬೇಕು.

ಸೇರಿಸುವ ದಾರಿ ಎರಡು, ಇವೆರಡು ಕೆಲಸ ಮಾಡುವ ರೀತಿ ಒಂದಕ್ಕೊಂದು ಉಲ್ಟಾ. ಅದು ಗೊತ್ತಿಲ್ಲದೆ ತಪ್ಪು ಸಾಮಾನು ಕೊಳ್ಳುವವರೇ ಹೆಚ್ಚು.

ಎಕ್ಸ್‌ಟೆನ್ಶನ್ ಟ್ಯೂಬ್ ಕ್ಯಾಮೆರಾಗೂ ಲೆನ್ಸ್‌ಗೂ ನಡುವೆ ಕೂರುತ್ತದೆ, ಒಳಗೆ ಗಾಜಿಲ್ಲ. ಅದು ಸೇರಿಸುವ ವರ್ಧನೆ ಟ್ಯೂಬಿನ ಉದ್ದ ಭಾಗಿಸು ಫೋಕಲ್ ಲೆಂತ್ (ಲೆನ್ಸ್ ಹೆಸರಿನಲ್ಲಿರುವ ಎಂಎಂ ಸಂಖ್ಯೆ). 12 ಮಿ.ಮೀ. ಟ್ಯೂಬ್ 50 ಎಂಎಂ ಲೆನ್ಸ್‌ಗೆ 0.24 ಸೇರಿಸುತ್ತದೆ. ಅದೇ ಟ್ಯೂಬ್ 300 ಎಂಎಂಗೆ ಸೇರಿಸುವುದು ಬರೀ 0.04. ಹಾಗಾಗಿ ಟೆಲಿ ಜೂಮ್‌ಗೆ ಟ್ಯೂಬ್ ದಂಡ. 50 ಎಂಎಂಗೆ ಹಾಕಿದರೆ ವರ್ಧನೆ ಸಿಗುತ್ತದೆ ನಿಜ, ಅಂತರವೂ ಅಷ್ಟೇ ಕುಗ್ಗಿ ಗಿಡ್ಡ ಮ್ಯಾಕ್ರೊದ ಅದೇ ಗೋಳು. ಕೊಳ್ಳುವುದೇ ಆದರೆ ವಿದ್ಯುತ್ ಸಂಪರ್ಕದ ಬಿಂದುಗಳಿರುವ ಟ್ಯೂಬನ್ನೇ ಕೊಳ್ಳಿ. ಅವಿಲ್ಲದ ಅಗ್ಗದ ಟ್ಯೂಬ್‌ನಲ್ಲಿ ಆಟೋಫೋಕಸ್ ಇರುವುದಿಲ್ಲ, ಈಗಿನ ಲೆನ್ಸ್‌ಗಳ ಅಪರ್ಚರ್ (ಬೆಳಕಿನ ಕಿಂಡಿ) ಬದಲಿಸಲೂ ಆಗುವುದಿಲ್ಲ.

ಕ್ಲೋಸ್-ಅಪ್ ಲೆನ್ಸ್ ಫಿಲ್ಟರ್‌ನಂತೆ ಮುಂದೆ ತಿರುಪುವ ಗಾಜು. ಮುಖ್ಯ ಲೆನ್ಸನ್ನು ಅನಂತ ದೂರಕ್ಕೆ ಫೋಕಸ್ ಮಾಡಿದಾಗ ಇದರ ವರ್ಧನೆ ಮುಖ್ಯ ಲೆನ್ಸ್‌ನ ಫೋಕಲ್ ಲೆಂತ್ ಭಾಗಿಸು ಈ ಗಾಜಿನ ಫೋಕಲ್ ಲೆಂತ್. ಕ್ಯಾನನ್ 500ಡಿ ಎಂಬ ಜೋಡಿ ಗಾಜಿನ ಕ್ಲೋಸ್-ಅಪ್ ಲೆನ್ಸ್‌ನದು 500 ಮಿ.ಮೀ. ಅದನ್ನು 200 ಎಂಎಂ ಮುಂದೆ ಹಾಕಿದರೆ 0.4 ಪಟ್ಟು, 300 ಎಂಎಂ ಮುಂದೆ 0.6. ಆಗ ಲೆನ್ಸ್ ತುದಿಯಿಂದ ಚಿಟ್ಟೆಗೆ ದೂರ ಯಾವಾಗಲೂ ಸುಮಾರು ಅರ್ಧ ಮೀಟರ್. ಗುಮ್ಮಟಕ್ಕೆಂದೇ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗಿದೆ ಇದು. ತೊಂದರೆ ಒಂದೇ: ಅದು ಹಾಕಿದ ಮೇಲೆ ಅರ್ಧ ಮೀಟರಿಗಿಂತ ದೂರದ ಯಾವುದಕ್ಕೂ ಫೋಕಸ್ ಆಗುವುದಿಲ್ಲ, ತೆಗೆದು ಹಾಕಿ ಮಾಡುತ್ತಿರಬೇಕು. ರೇನಾಕ್ಸ್ ಡಿಸಿಆರ್-150 ಇದಕ್ಕಿಂತ ಪ್ರಬಲ, 4.8 ಡಯಾಪ್ಟರ್ (ಕನ್ನಡಕದ ನಂಬರಿನಂಥ ಅಳತೆ). ಅಂತರ ಸುಮಾರು 21 ಸೆಂ.ಮೀ.ಗೆ ಇಳಿದು, 250 ಎಂಎಂನಲ್ಲಿ 1.2 ಪಟ್ಟಾಗುತ್ತದೆ. ದೊಡ್ಡ ಚಿಟ್ಟೆಗೆ ಇದು ಅತಿಯಾಯಿತು, ಜೂಮನ್ನು 70–100ಕ್ಕೆ ಇಳಿಸಿಕೊಂಡರೆ ಸರಿಹೋಗುತ್ತದೆ. ಮೂರು ನಾಲ್ಕು ಗಾಜಿನ ಸೆಟ್ಟು ಎಂದು ಅಗ್ಗಕ್ಕೆ ಮಾರುವ ಒಂಟಿ ಗಾಜಿನವು ಬೇಡ. ರೆಕ್ಕೆಯ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಬಿಡುತ್ತವೆ.

ಫೋನ್‌ನಲ್ಲಿ ತೆಗೆಯುವವರಿಗೆ ಒಂದೇ ಮಾತು: ಹಲವು ಫೋನ್‌ಗಳ ಮ್ಯಾಕ್ರೊ ಮೋಡ್ ಅಲ್ಟ್ರಾವೈಡ್ ಲೆನ್ಸ್ ಬಳಸಿ ಎರಡು ಮೂರು ಸೆಂ.ಮೀ.ಗೆ ಕರೆದೊಯ್ಯುತ್ತದೆ, ಚಿಟ್ಟೆ ಅಷ್ಟರೊಳಗೆ ಹಾರಿರುತ್ತದೆ. ಅದನ್ನು ಆಫ್ ಮಾಡಿ, 2 ಅಥವಾ 3 ಪಟ್ಟಿನ ಟೆಲಿ ಹಾಕಿಕೊಂಡು ಅದು ಫೋಕಸ್ ಆಗುವಷ್ಟು ಹಿಂದೆ ನಿಲ್ಲಿ.

ಎಫ್/2.8 ಯಾಕೆ ಬೇಕು, ಯಾಕೆ ಬಳಸಬಾರದು

ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕುಗ್ಗುತ್ತದೆ. ಫುಲ್ ಫ್ರೇಮ್‌ನಲ್ಲಿ 1:4 ವರ್ಧನೆಗೆ ಎಫ್/2.8ರಲ್ಲಿ ಸಿಗುವ ಆಳ ಮೂರೂವರೆ ಮಿ.ಮೀ.ಗಿಂತ ಕಡಿಮೆ. ಎಫ್/5.6ರಲ್ಲಿ ಸುಮಾರು 7, ಎಫ್/8ರಲ್ಲಿ ಒಂಬತ್ತೂವರೆ, ಎಫ್/11ರಲ್ಲಿ 13. 1:2ಕ್ಕೆ ಹೋದರೆ ಎಫ್/8ರಲ್ಲೂ 3 ಮಿ.ಮೀ. ದಾಟುವುದಿಲ್ಲ, 1:1ರಲ್ಲಿ ಒಂದು ಮಿ.ಮೀ. ಕೂಡ ಇಲ್ಲ. ಎಫ್/2.8ರಲ್ಲಿ ತೆಗೆದರೆ ಕಣ್ಣು ಚೂಪಾಗಿ, ರೆಕ್ಕೆಯೆಲ್ಲ ಹತ್ತಿಯಾಗಿ ಬರುತ್ತದೆ. ಎಫ್/2.8ರ ನಿಜವಾದ ಉಪಯೋಗ ಮಬ್ಬಿನಲ್ಲಿ ಆಟೋಫೋಕಸ್‌ಗೆ ಹೆಚ್ಚು ಬೆಳಕು ಸಿಗುವುದು. ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಕೂಡ ಬೆಳಗಿರುತ್ತದೆ.

ಎಫ್/16ರ ಆಚೆಗೆ ಹೋಗಬೇಡಿ, ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರದ ಚೂಪು ಹೋಗುತ್ತದೆ. ಹತ್ತಿರಕ್ಕೆ ಹೋದಾಗ ಅಪರ್ಚರ್ ಪರಿಣಾಮದಲ್ಲಿ ಇನ್ನಷ್ಟು ಚಿಕ್ಕದಾಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ. 1:1ರಲ್ಲಿ ಸುಮಾರು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ಬೆಳಕು ನಷ್ಟ, 1:4ರಲ್ಲಿ ಮೂರನೇ ಎರಡು ಸ್ಟಾಪ್. ನಿಕಾನ್ ಬಾಡಿಯಲ್ಲಿ 105 ವಿಆರ್ ಹಾಕಿ ಅತಿ ಹತ್ತಿರಕ್ಕೆ ಫೋಕಸ್ ಮಾಡಿದಾಗ ಎಫ್/2.8ರ ಬದಲು ಎಫ್/4.8 ತೋರಿಸಿದರೆ ಲೆನ್ಸ್ ಕೆಟ್ಟಿಲ್ಲ, ಕ್ಯಾಮೆರಾ ನಿಜ ಹೇಳುತ್ತಿದೆ.

ಆಳವನ್ನು ಅಪರ್ಚರ್‌ನಿಂದ ಕೊಳ್ಳುವುದಕ್ಕಿಂತ ನಿಲ್ಲುವ ಕೋನದಿಂದ ಗಳಿಸುವುದು ಅಗ್ಗ. ರೆಕ್ಕೆ ಮುಚ್ಚಿದ್ದರೆ ಸರಿಯಾಗಿ ಪಕ್ಕದಿಂದ, ಬಿಚ್ಚಿದ್ದರೆ ನೇರ ಮೇಲಿನಿಂದ, ಸೆನ್ಸರಿಗೆ ರೆಕ್ಕೆ ಸಮಾನಾಂತರವಾಗಿ ಬರುವಂತೆ ನಿಂತರೆ ಎಫ್/5.6 ಸಾಕು. ಓರೆಯಾಗಿ ತೆಗೆದರೆ ಎಫ್/11ರಲ್ಲೂ ಒಂದು ರೆಕ್ಕೆ ಮಸುಕು. ಎರಡೂ ಆಗದಿದ್ದರೆ ಕಣ್ಣು ಚೂಪಾಗಿರಲಿ, ಉಳಿದದ್ದು ಹೋದರೆ ಹೋಗಲಿ.

ಸೆಟ್ಟಿಂಗ್‌ಗೆ ಬರೋಣ. ಕ್ಯಾಮೆರಾ ಮ್ಯಾನುಯಲ್‌ನಲ್ಲಿ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋದಲ್ಲಿ, ಮೇಲ್ಮಿತಿ 3200 (ಹೊಸ ಫುಲ್ ಫ್ರೇಮ್ ಆದರೆ 6400). ಕೂತ ಚಿಟ್ಟೆಗೆ ಎಫ್/8, 1/250. ಬಿಸಿಲು ಬೀಳುವ ಜಾಗದಲ್ಲಿ ಎಫ್/8, 1/500, ಐಎಸ್‌ಒ 800ರ ಆಸುಪಾಸಿಗೆ ನಿಲ್ಲುತ್ತದೆ. ಗಿಡದಡಿಯ ನೆರಳಿನಲ್ಲಿ ಎಫ್/5.6, 1/250ಕ್ಕೇ 1600 ಕೇಳುತ್ತದೆ. ಮಾರ್ಮನ್, ಬರ್ಡ್‌ವಿಂಗ್‌ನಂಥ ಬಾಲದ ಚಿಟ್ಟೆ ಬಳಗದವು ಮಕರಂದ ಹೀರುವಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತವೆ. ಅವಕ್ಕೆ 1/1000, ಸಾಧ್ಯವಾದರೆ 1/2000 ಬೇಕು. ಲೆನ್ಸ್ ಸ್ಟೆಬಿಲೈಸೇಶನ್ ನಾಲ್ಕು ಸ್ಟಾಪ್ ಎಂದು ಪೆಟ್ಟಿಗೆ ಮೇಲೆ ಬರೆದದ್ದು ನಿಮ್ಮ ಕೈ ನಡುಕಕ್ಕೆ, ಚಿಟ್ಟೆಯ ರೆಕ್ಕೆಗಲ್ಲ. ಇಎಫ್ 100 ಎಲ್‌ನ ನಾಲ್ಕು ಸ್ಟಾಪ್ ಕೂಡ 1:1ರಲ್ಲಿ ಎರಡಕ್ಕಿಳಿಯುತ್ತದೆ ಎಂದು ಕ್ಯಾನನ್ ತಾನೇ ಹೇಳುತ್ತದೆ.

ಕಪ್ಪು ರೆಕ್ಕೆಯ ಬ್ಲೂ ಮಾರ್ಮನ್, ಕಾಮನ್ ಕ್ರೋ ಚೌಕಟ್ಟು ತುಂಬಿದರೆ ಕ್ಯಾಮೆರಾ ಚಿತ್ರವನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ 0.7 ಸ್ಟಾಪ್‌ನಷ್ಟು ಇಳಿಸಿ. ವಿದೇಶದ ಗುಮ್ಮಟಗಳಲ್ಲಿ ಸಾಮಾನ್ಯವಾದ ಬಿಳಿ ಪೇಪರ್ ಕೈಟ್‌ಗೆ ಅಷ್ಟೇ ಏರಿಸಿ. ಎಲೆಗಳಿಂದ ಪುಟಿದ ಬೆಳಕು ಎಲ್ಲಕ್ಕೂ ಹಸಿರು ಬಳಿಯುತ್ತದೆ, ರಾ (ಕ್ಯಾಮೆರಾ ಸಂಸ್ಕರಿಸದ) ಫೈಲ್‌ನಲ್ಲಿ ತೆಗೆದು ಆಮೇಲೆ ತಿದ್ದಿ. ಕೃತಕ ದೀಪ ಹೆಚ್ಚಿರುವ ಕಡೆ ಚಿತ್ರದ ಮೇಲೆ ಪಟ್ಟೆ ಬಂದರೆ ಅದು ದೀಪದ ಮಿನುಗು. ಆಂಟಿ-ಫ್ಲಿಕರ್ ಆನ್ ಮಾಡಿ, ಇಲ್ಲವೇ ಭಾರತದಲ್ಲಿ 1/100, ಅಮೆರಿಕದಲ್ಲಿ 1/120 ಬಳಸಿ.

ಫೋಕಸ್ ಹಿಡಿಯುವುದು

ಮ್ಯಾಕ್ರೊ ಲೆನ್ಸ್ ಒಮ್ಮೆ ಗುರಿ ತಪ್ಪಿದರೆ ಅನಂತದವರೆಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಚಿಟ್ಟೆ ಇನ್ನೊಂದು ಹೂವಿಗೆ ಹೋಗಿರುತ್ತದೆ. ಇದಕ್ಕಾಗಿಯೇ ಲೆನ್ಸ್ ಪಕ್ಕದಲ್ಲಿ ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಲಿಮಿಟರ್ ಸ್ವಿಚ್ ಇದೆ. ಕ್ಯಾನನ್ 100 ಎಲ್‌ನಲ್ಲಿ 0.3–0.5 ಮೀಟರ್, 0.5–ಅನಂತ ಮತ್ತು ಫುಲ್ ಎಂಬ ಮೂರು ನೆಲೆ. ಗುಮ್ಮಟದಲ್ಲಿ ಬಹುತೇಕ 0.5–ಅನಂತದಲ್ಲೇ ಇಡಿ, ಯಾಕೆಂದರೆ 1:4ರ ಕೆಲಸ ಬೀಳುವುದು ಅರ್ಧ ಮೀಟರಿನ ಆಚೆಗೆ. ಚಿಕ್ಕ ಚಿಟ್ಟೆ, ಮೊಟ್ಟೆಗೆ 0.3–0.5ಕ್ಕೆ ತಳ್ಳಿ. ಕೂತದ್ದು ಎದುರಿಗೇ ಇದ್ದೂ ಫೋಕಸ್ ಆಗದಿದ್ದರೆ ಮೊದಲು ಈ ಸ್ವಿಚ್ ನೋಡಿ, ಹತ್ತರಲ್ಲಿ ಒಂಬತ್ತು ಸಲ ಅದೇ ಕಾರಣ.

ಒಂದೇ ಬಿಂದು, ನಿರಂತರ ಫೋಕಸ್, ಬಿಂದು ಕಣ್ಣಿನ ಮೇಲೆ. ಸೋನಿ ಎ7ಆರ್ 5, ಎ6700ರಂಥ ಕ್ಯಾಮೆರಾಗಳಲ್ಲಿ ಕೀಟ ಗುರುತಿಸುವ ಆಯ್ಕೆಯೇ ಇದೆ, ಹಾಕಿ ನೋಡಿ. 1:1ಕ್ಕೆ ಹೋದಾಗ ಆಟೋಫೋಕಸ್ ಬಿಟ್ಟುಬಿಡಿ. ಉಂಗುರವನ್ನು ಬೇಕಾದ ವರ್ಧನೆಗೆ ತಿರುಗಿಸಿಟ್ಟು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ಐದಾರು ಚಿತ್ರ ಒಟ್ಟಿಗೆ ಹೊಡೆಯಿರಿ. ಒಂದು ಸರಿಯಾಗಿರುತ್ತದೆ.

ಜಾಗ ಆರಿಸುವುದರಲ್ಲಿ ಅರ್ಧ ಕೆಲಸವಿದೆ. ಬೆಳಿಗ್ಗೆ ತೆರೆದ ಕೂಡಲೇ ಹೋದರೆ ಚಿಟ್ಟೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿರುತ್ತವೆ. ಅವುಗಳ ಹಿಂದೆ ಓಡಬೇಡಿ. ಹೂಬಿಟ್ಟ ಪೆಂಟಾಸ್, ಲಂಟಾನ, ಕೇಪಳ ಗಿಡದ ಬಳಿ ಹಿನ್ನೆಲೆ ಖಾಲಿಯಿರುವ ಒಂದು ಗೊಂಚಲು ಗುರುತಿಸಿ ಕಾಯಿರಿ. ಹಣ್ಣಿನ ತಟ್ಟೆಯ ಮೇಲೆ ಕೂತವು ಅಲುಗಾಡದೆ ಇರುತ್ತವೆ, ಆದರೆ ಕೊಳೆತ ಬಾಳೆಹಣ್ಣಿನ ಹಿನ್ನೆಲೆ ಯಾರಿಗೂ ಬೇಡ. ತಟ್ಟೆಯಿಂದ ಎದ್ದು ಪಕ್ಕದ ಎಲೆಗೆ ಹೋಗುವುದನ್ನು ಕಾದರೆ ಒಳ್ಳೆಯದು. ಕೋಶದಿಂದ ಆಗಷ್ಟೇ ಹೊರಬಂದು ರೆಕ್ಕೆ ಒಣಗಿಸುತ್ತ ತೂಗಿಕೊಂಡಿರುವ ಚಿಟ್ಟೆ ಸಿಕ್ಕರೆ ಬಿಡಬೇಡಿ, ಹುರುಪೆ ಒಂದೂ ಉದುರಿರುವುದಿಲ್ಲ. ಬ್ಲೂ ಮಾರ್ಫೊ ಇರುವ ವಿದೇಶಿ ಗುಮ್ಮಟಕ್ಕೆ ಹೋದವರು ನೆನಪಿಡಬೇಕಾದ್ದು: ಅದರ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ಹುರುಪೆಯ ರಚನೆಯಿಂದ ಬಂದದ್ದು. ಕೋನ ಸ್ವಲ್ಪ ಸರಿದರೂ ನೀಲಿ ಬದಲಾಗುತ್ತದೆ. ಕೂತಾಗ ಅದು ರೆಕ್ಕೆ ಮುಚ್ಚಿ ಕಂದು ಬಣ್ಣ ತೋರಿಸುವುದೇ ಹೆಚ್ಚು.

ಲೆನ್ಸ್ ಮೇಲೆ ಮಂಜು

30 ಡಿಗ್ರಿ, ಶೇ 80 ತೇವಾಂಶವಿರುವ ಗಾಳಿಯ ಇಬ್ಬನಿ ಬಿಂದು (ಆವಿ ಹನಿಗಟ್ಟುವ ಉಷ್ಣತೆ) ಸುಮಾರು 26 ಡಿಗ್ರಿ. ಎಸಿ ಹಾಕಿದ ಕಾರಿನಲ್ಲಿ 22 ಡಿಗ್ರಿಗೆ ತಣಿದ ಲೆನ್ಸ್ ಒಳಗೆ ತಂದರೆ ಮಂಜು ಕಟ್ಟಲೇಬೇಕು. ಬಟ್ಟೆಯಿಂದ ಒರೆಸಿದರೆ ಮತ್ತೆ ಕಟ್ಟುತ್ತದೆ, ಗಾಜು ಬೆಚ್ಚಗಾಗುವವರೆಗೂ ಇದೇ ಕತೆ. ಬೆಂಗಳೂರಿನಲ್ಲಾದರೆ ಚೀಲವನ್ನು ಎಸಿಯಲ್ಲಿಡದೆ ಡಿಕ್ಕಿಯಲ್ಲಿಟ್ಟು ತಂದರೆ ಅರ್ಧ ತೊಂದರೆ ಕಳೆಯಿತು (ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟುಬಿಡಬೇಡಿ). ಚಳಿ ದೇಶದಲ್ಲಾದರೆ ಕ್ಯಾಮೆರಾವನ್ನು ಹೊರಗೇ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ಮುಚ್ಚಿ, ಒಳಗೆ ಬಂದ ಮೇಲೆ 20–30 ನಿಮಿಷ ತೆರೆಯದೆ ಬಿಡಿ. ಹೊರಗೆ ಹೆಪ್ಪುಗಟ್ಟುವ ಚಳಿಯಿದ್ದರೆ ಇನ್ನೂ ಹೆಚ್ಚು ಹೊತ್ತು. ಮಂಜು ಚೀಲದ ಹೊರಮೈಗೆ ಕಟ್ಟುತ್ತದೆ, ಗಾಜಿಗಲ್ಲ. ಆ ಹೊತ್ತಿನಲ್ಲಿ ಎಲ್ಲೆಲ್ಲಿ ಬೆಳಕು, ಎಲ್ಲೆಲ್ಲಿ ಹೂವು ಎಂದು ಸುತ್ತಿ ನೋಡಿಕೊಳ್ಳಿ. ತಣ್ಣಗಿರುವ ಕ್ಯಾಮೆರಾದಲ್ಲಿ ಲೆನ್ಸ್ ಬದಲಿಸಿದರೆ ಮಂಜು ಸೆನ್ಸರ್ ಮೇಲೂ ಕಟ್ಟುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಕೊಳ್ಳುವ ಮುನ್ನ ಒಂದು ದಿನ ಬಾಡಿಗೆಗೆ ತಂದು ನೋಡುವುದು ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಮ್ಯಾಕ್ರೊ ಲೆನ್ಸ್‌ನಲ್ಲಿ ಮೊದಲ ಬಲೆ ಮೋಟರ್. ನಿಕಾನ್‌ನ ಹಳೆಯ 'ಡಿ' ಗುರುತಿನ 60, 105 ಎಂಎಂ ಮೈಕ್ರೊಗಳು ಬಾಡಿಯೊಳಗಿನ ಮೋಟರ್ ನಂಬಿದವು. ಡಿ3500, ಡಿ5600ರಲ್ಲಿ ಆ ಮೋಟರ್ ಇಲ್ಲ, ಹಳೆಯ ಲೆನ್ಸನ್ನು ಜೆಡ್ ಕ್ಯಾಮೆರಾಕ್ಕೆ ಜೋಡಿಸುವ ಎಫ್‌ಟಿಜೆಡ್ ಅಡಾಪ್ಟರ್‌ನಲ್ಲೂ ಇಲ್ಲ. ಆಟೋಫೋಕಸ್ ಆಗುವುದೇ ಇಲ್ಲ. ಟೋಕಿನಾ 100 ಎಂಎಂ ಎಟಿಎಕ್ಸ್‌ನ ನಿಕಾನ್ ಮೌಂಟ್ ಲೆನ್ಸ್‌ನದೂ ಅದೇ ಹಣೆಬರಹ.

ಎರಡನೆಯದು ಫಂಗಸ್. ಕರಾವಳಿ, ಮಲೆನಾಡಿನಲ್ಲಿದ್ದ ಲೆನ್ಸ್ ಆದರೆ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅಲ್ಲೇ ಬಿಟ್ಟುಬನ್ನಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಜಿನುಗಿದೆಯೇ, ಸ್ಟೆಬಿಲೈಸೇಶನ್ ಆನ್ ಮಾಡಿದಾಗ ವ್ಯೂಫೈಂಡರ್‌ನಲ್ಲಿ ಚಿತ್ರ ಜಿಗಿಯುತ್ತದೆಯೇ ಎಂದೂ ನೋಡಿ. ಕೊನೆಗೆ ಮಿಲಿಮೀಟರ್ ಗುರುತಿರುವ ಸ್ಕೇಲನ್ನು ಅತಿ ಹತ್ತಿರದಿಂದ ಒಂದು ಫೋಟೊ ಹೊಡೆಯಿರಿ. ಫುಲ್ ಫ್ರೇಮ್‌ನಲ್ಲಿ ಚೌಕಟ್ಟಿನ ಅಗಲಕ್ಕೆ 36 ಗೆರೆ ಕಂಡರೆ 1:1, 72 ಕಂಡರೆ 1:2. ಎಪಿಎಸ್-ಸಿಯಲ್ಲಿ ಅದೇ ಇಪ್ಪತ್ಮೂರೂವರೆ ಮತ್ತು 47. ಮನೆಯಲ್ಲಿರುವ ಜೂಮನ್ನೂ ಹೀಗೇ ಅಳೆಯಬಹುದು. ಫುಲ್ ಫ್ರೇಮ್‌ನಲ್ಲಿ 180ಕ್ಕಿಂತ, ಎಪಿಎಸ್-ಸಿಯಲ್ಲಿ 120ಕ್ಕಿಂತ ಕಡಿಮೆ ಗೆರೆ ಬಂದರೆ ಈ ಸಲದ ಗುಮ್ಮಟ ಯಾತ್ರೆಗೆ ಹೊಸದೇನೂ ಕೊಳ್ಳಬೇಕಿಲ್ಲ.